ಬೆಳಗಿದ ಕೊಳಗ

ನಮ್ಮ ಪ್ರೇಮಕ್ಕ ಗುಡಿಯಲ್ಲಿ ಕೊಟ್ಟ ತೀರ್ಥವನ್ನೂ ಒಮ್ಮೆ ಮೂಸಿ ನೋಡಿಯೇ ಕುಡಿಯುವವಳು. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಮುತ್ತಿನಕೊಪ್ಪದಲ್ಲಿ ಯಾರನ್ನು ಬೇಕಾದರೂ ಕೇಳಿ. ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಅಂಗಳ, ಎರಡು ಒಲೆ. ಹಾಲಿನವನು ಗೇಟು ದಾಟುವ ಮೊದಲೇ ಹೆಬ್ಬೆರಳಿನ ಉಗುರಿನ ಮೇಲೆ ಒಂದು ತೊಟ್ಟು ಹಾಲು ಬಿಟ್ಟುಕೊಂಡು ಅದು ನಿಲ್ಲುತ್ತದೋ ಜಾರುತ್ತದೋ ನೋಡುತ್ತಾಳೆ. ಬೆಲ್ಲ ತಂದರೆ ನೀರಿನಲ್ಲಿ ಕರಗಿಸಿ ಮರಳು ಹುಡುಕುತ್ತಾಳೆ. ನಾನು ಪ್ರೀತಿಯಿಂದ ಒಂದು ಬಟ್ಟಲು ಕೋಸಂಬರಿ ಕೊಟ್ಟರೆ, "ಇವತ್ತು ಎಂತ ವಿಶೇಷ?" ಎಂದು ನನ್ನ ಮುಖ ನೋಡುತ್ತಾಳೆ.

ತೊಂದರೆ ಏನೆಂದರೆ, ಹೆಚ್ಚಿನ ಸಲ ಅವಳ ಅನುಮಾನ ಸರಿಯಾಗಿಯೇ ಇರುತ್ತದೆ. ಹಾಲಿನಲ್ಲಿ ನೀರು ಇರುತ್ತದೆ, ಬೆಲ್ಲದಲ್ಲಿ ಮರಳು ಸಿಗುತ್ತದೆ, ಕೋಸಂಬರಿಯ ಹಿಂದೆ ನನಗೂ ಅವಳಿಂದ ಏನೋ ಒಂದು ಕೆಲಸ ಆಗಬೇಕಾಗಿರುತ್ತದೆ. ಹಾಗಾಗಿ ಊರಿನ ಹೆಂಗಸರು ಹೊಸದಾಗಿ ಏನು ಕೊಳ್ಳುವುದಿದ್ದರೂ ಮೊದಲು "ಪ್ರೇಮಕ್ಕ ಎಂತ ಅಂದ್ರು?" ಎಂದು ಕೇಳುತ್ತಿದ್ದರು. ಅವಳು ಸರಿ ಎಂದರೆ ಸರಿ, ಮೂಗು ಮುರಿದರೆ ಆ ಸಾಮಾನಿನ ಕತೆ ಮುಗಿಯಿತು.

ಅವಳ ಮಗಳು ಗಾನವಿ ಕೊಪ್ಪದ ಒಂದು ಶಾಲೆಯಲ್ಲಿ ಟೀಚರ್. ಕಳೆದ ಬೇಸಿಗೆಯಲ್ಲಿ ಅವಳಿಗೆ ಬಾಳೆಹೊನ್ನೂರು ಕಡೆಯ ವೀರೇಶ್ ಎಂಬ ಹುಡುಗನ ಜೊತೆ ಸಂಬಂಧ ಕುದುರಿತು. ನಮ್ಮೂರ ಸಮುದಾಯ ಭವನದಲ್ಲೇ ನಿಶ್ಚಿತಾರ್ಥ ಎಂದಾಯಿತು. ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಹುಡುಗಿ ಒಂದು ಪಟ್ಟು ಹಿಡಿದಳು. ನೀರಿನ ಬಾಟಲಿ ಬೇಡ, ಪೇಪರ್ ಲೋಟ ಬೇಡ, ಪ್ಲಾಸ್ಟಿಕ್ ತಟ್ಟೆ ಬೇಡ, ಬಂದವರ ಕೈಗೆ ಕೊಡುವ ಬಣ್ಣದ ಜ್ಯೂಸಂತೂ ಬೇಡವೇ ಬೇಡ.

"ಭವನದ ಹಿಂದೆ ಹೋಗಿ ನೋಡಮ್ಮ," ಅಂದಳು. "ಒಂದೊಂದು ಮದುವೆ ಮುಗಿದ ಮೇಲೂ ಒಂದೊಂದು ಗುಡ್ಡ. ಮಳೆ ಬಂದ್ರೆ ಅಷ್ಟೂ ಹಳ್ಳಕ್ಕೆ, ಹಳ್ಳದಿಂದ ಭದ್ರಾ ಹಿನ್ನೀರಿಗೆ. ನನ್ನ ನಿಶ್ಚಿತಾರ್ಥದ ಕಸ ಅಲ್ಲಿ ತೇಲೋದು ನಂಗೆ ಬೇಡ."

"ಇದನ್ನ ನಿಂಗೆ ಹೇಳಿಕೊಟ್ಟೋರು ಯಾರು? ಲೋಟ ಮಾರೋರಾ, ತಟ್ಟೆ ಮಾರೋರಾ?" ಎಂದು ಅಕ್ಕ ಕೇಳಿದಳು.

ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಪರಮಶಿವಯ್ಯ ಬಾವ, ಅಂದರೆ ಅಕ್ಕನ ಗಂಡ, "ಮಗಳು ಬಂಗಾರ ಕೇಳ್ತಿಲ್ವಲ್ಲ ಮಾರಾಯ್ತಿ, ಒಪ್ಕೋ," ಎಂದರು. ಬಾವ ವರ್ಷಕ್ಕೆ ಒಂದೆರಡು ಸಲ ಬಾಯಿ ಬಿಡುವವರು, ಹಾಗಾಗಿ ಅವರ ಮಾತಿಗೆ ಬೆಲೆ ಇದೆ. ಅಕ್ಕ ಒಪ್ಪಿದಳು. ಆದರೆ ಪ್ರತಿಯೊಂದನ್ನೂ ತಾನೇ ಕಣ್ಣಾರೆ ನೋಡಿ ಆರಿಸುವುದು ಎಂಬ ಷರತ್ತು ಹಾಕಿದಳು.

ಬಾಳೆ ಎಲೆಯನ್ನೇ ಹಾಕಬಹುದಿತ್ತು. ಆದರೆ ಬೇಸಿಗೆ ಗಾಳಿಗೆ ಎಲೆಗಳೆಲ್ಲ ಸೀಳಿ ರಿಬ್ಬನ್ ಆಗಿದ್ದವು, ಗಾಳಿ ಬಿಟ್ಟದ್ದನ್ನು ಮಂಗಗಳು ಮುಗಿಸಿದ್ದವು. ಉಳಿದದ್ದು ಹಾಳೆ ತಟ್ಟೆ.

ಹಾಳೆ ತಟ್ಟೆ ಎಂದರೆ ನಮ್ಮ ಕಡೆ ಕಡಹಿನಬೈಲಿನ ಜಲಜಮ್ಮ. ಅಡಿಕೆ ಮರದಿಂದ ಸೋಗೆಯ ಜೊತೆ ಕಳಚಿ ಬೀಳುವ ಹಾಳೆಯನ್ನು ಹೆಕ್ಕಿ ತಂದು, ತಿಕ್ಕಿ ತೊಳೆದು, ಕಾದ ಅಚ್ಚಿನ ಮಷೀನಿನಲ್ಲಿ ಒತ್ತುತ್ತಾಳೆ. ಅವಳೂ ನಾನೂ ಎನ್.ಆರ್. ಪುರದ ಹೈಸ್ಕೂಲಿಗೆ ಒಂದೇ ಬಸ್ಸಿನಲ್ಲಿ ಹೋದವರು. ಗಂಡ ವಾಸಪ್ಪ ಹಾಳೆ ಹೊತ್ತು ತರುತ್ತಾನೆ, ನೆರೆಮನೆಯ ಇಬ್ಬರು ಹೆಂಗಸರು ಅಂಚು ಕತ್ತರಿಸಿ ಕಟ್ಟು ಕಟ್ಟುತ್ತಾರೆ. ಮೊದಲೆಲ್ಲ ಊರವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದ ಸಂಸಾರ ಅದು. ಮಷೀನು ಬಂದ ಮೇಲೆ ಜಲಜಮ್ಮ ಬಗ್ಗಿಸಿದ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿದ್ದಳು. ತಟ್ಟೆ ನಿಂತರೆ ಮತ್ತೆ ಪರರ ಗದ್ದೆಯ ಕೆಸರೇ ಗತಿ. ಇದು ನನಗೂ ಗೊತ್ತಿತ್ತು, ಪ್ರೇಮಕ್ಕನಿಗೂ ಗೊತ್ತಿತ್ತು.

ಅಕ್ಕ ನನ್ನನ್ನು ಕರೆದುಕೊಂಡು ಕಡಹಿನಬೈಲಿಗೆ ಹೋದಳು. ಹೆಣ್ಣು ನೋಡಲು ಹೋದವರೂ ಅಷ್ಟು ನೋಡುವುದಿಲ್ಲ. ತಟ್ಟೆಯನ್ನು ಮಗುಚಿದಳು, ಮೂಸಿದಳು, ಬಿಸಿಲಿಗೆ ಹಿಡಿದಳು. ಒಂದು ತಟ್ಟೆಯ ಬೆನ್ನಿನ ಮೇಲೆ ಅವಳ ಬೆರಳು ನಿಂತಿತು.

"ಈ ಕಲೆ ಎಂತದು? ನೀಲಿ ಕಂಡಂಗೆ ಕಾಣ್ತದೆ."

"ಇಬ್ಬನಿಲಿ ನೆಂದು ಒಣಗಿದ ಹಾಳೆ ಪ್ರೇಮಕ್ಕ. ಕೆಲವಕ್ಕೆ ಹಂಗೆ ಬೂದಿ ಬಣ್ಣ ಬರ್ತದೆ, ತೊಳೆದ್ರೂ ಹೋಗಲ್ಲ," ಎಂದಳು ಜಲಜಮ್ಮ.

"ಮೈಲುತುತ್ತ ಅಲ್ಲ ತಾನೇ?"

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದ ಹಾಗೆ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಗೊನೆಗಳಿಗೆ ಹೊಡೆಯುತ್ತಾರೆ. ಹೊಡೆದವನ ಅಂಗಿಯೂ ನೀಲಿ, ಮರವೂ ನೀಲಿ. ಹೊಟ್ಟೆಗೆ ಹೋದರೆ ಅದು ವಿಷ.

"ಔಷಧಿ ಹೊಡೆಯೋದು ಮಳೆಗಾಲದಲ್ಲಿ. ನಾವು ಹಾಳೆ ಹೆಕ್ಕೋದು ಬೇಸಿಗೆಲಿ. ಮಳೆಗಾಲದ ಹಾಳೆ ನಾನು ಮುಟ್ಟೋದೇ ಇಲ್ಲ, ನನ್ನ ಮಕ್ಕಳಾಣೆ."

"ಆಣೆ ಹಾಕೋರನ್ನ ಕಂಡ್ರೇ ನಂಗೆ ಹೆದ್ರಿಕೆ," ಎಂದಳು ಅಕ್ಕ. ಜಲಜಮ್ಮನ ಮುಖ ಸಣ್ಣದಾಯಿತು. ನನಗೆ ನಾಚಿಕೆಯಾಗಿ ಮಷೀನು ನೋಡುವವಳ ಹಾಗೆ ಆಚೆ ತಿರುಗಿದೆ. ಆದರೂ ತಟ್ಟೆಗೆ ಹೇಳಿಯೇ ಬಂದೆವು, ಬೇರೆ ದಾರಿ ಇರಲಿಲ್ಲವಲ್ಲ.

ಇನ್ನು ಉಳಿದದ್ದು ಪಾನಕ. ಜ್ಯೂಸಿನ ಬದಲು ನಿಂಬೆಹಣ್ಣಿನ ಪಾನಕ ಎಂದು ಗಾನವಿ ತೀರ್ಮಾನಿಸಿದ್ದಳು. ಅಡಿಗೆಯ ಗಣಪಯ್ಯ ಪಾನಕ ಕಲೆಸಲು ತನ್ನ ನೀಲಿ ಪ್ಲಾಸ್ಟಿಕ್ ಡ್ರಮ್ಮು ತರುತ್ತೇನೆ ಎಂದ. ಗಾನವಿ ಬೇಡ ಎಂದಳು, ಪ್ರೇಮಕ್ಕ ಬೇಡವೇ ಬೇಡ ಎಂದಳು. ಮಗಳಿಗೆ ಪ್ಲಾಸ್ಟಿಕ್ ಎಂದು ಬೇಡ. ತಾಯಿಗೆ ಆ ಡ್ರಮ್ಮಿನಲ್ಲಿ ಮುಂಚೆ ಎಂತ ಇತ್ತೋ ಯಾರಿಗೆ ಗೊತ್ತು ಎಂದು ಬೇಡ. ಅಪರೂಪಕ್ಕೆ ಇಬ್ಬರೂ ಒಂದೇ ಕಡೆ ನಿಂತಿದ್ದರು.

"ನಮ್ಮತ್ತೆಯ ತಾಮ್ರದ ಕೊಳಗ ಅಟ್ಟದ ಮೇಲೆ ಇದೆ," ಎಂದಳು ಅಕ್ಕ. "ಈ ಮನೆಯ ಎಲ್ಲಾ ಮದುವೆಗೂ ಅದರಲ್ಲೇ ಪಾನಕ ಮಾಡಿದ್ದು. ಅದರ ಮುಂದೆ ಈ ಡಬ್ಬ ಯಾವ ಲೆಕ್ಕ?"

ಬಾವ ಅಟ್ಟ ಹತ್ತಿ ಇಳಿಸಿಕೊಟ್ಟರು. ಒಬ್ಬ ಆಳು ಕೂರಬಹುದಾದಷ್ಟು ದೊಡ್ಡ ಕೊಳಗ. ಹೊರಗೆ ಕಪ್ಪು ಹಿಡಿದಿತ್ತು, ಒಳಗೆಲ್ಲ ಮಂಕು ಬೂದಿ ಬಣ್ಣ. ನಾನು ತೊಳೆಯಲು ಹೋದರೆ ಅಕ್ಕ ನನ್ನನ್ನು ಮುಟ್ಟಗೊಡಲಿಲ್ಲ. "ನೀನು ಮೇಲೆ ಮೇಲೆ ಉಜ್ಜಿ ಬರೋಳು," ಎಂದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ, ಸ್ಟೀಲಿನ ನಾರು ತೆಗೆದುಕೊಂಡು ಸೆರಗು ಕಟ್ಟಿ ಕೂತವಳು ಸಂಜೆವರೆಗೂ ಏಳಲಿಲ್ಲ. ಅರ್ಧ ಮೈ ಕೊಳಗದೊಳಗೆ ಇಳಿಸಿ ಉಜ್ಜಿದಳು. "ಎಷ್ಟು ವರ್ಷದ ಕೊಳೆಯೋ, ಬಿಡ್ತಾ ಇಲ್ಲ," ಎಂದು ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ಎದ್ದಾಗ ಕೈಯೆಲ್ಲ ಕೆಂಪು, ಕೊಳಗವೂ ಒಳಗೆ ಹೊರಗೆ ಒಂದೇ ಕೆಂಪು. ಹೊಸ ಕಾಸಿನಂತೆ ಹೊಳೆಯುತ್ತಿತ್ತು. ನಾನೇ ಬಾಯಿಬಿಟ್ಟು ಹೊಗಳಿದೆ.

ನಿಶ್ಚಿತಾರ್ಥದ ದಿನ ಬೆಳಕು ಹರಿಯುವ ಮೊದಲೇ ಗಣಪಯ್ಯ ಪಾನಕ ಕಲೆಸಿ ಮುಗಿಸಿದ. ಅಕ್ಕ ಒಂದೊಂದು ನಿಂಬೆಹಣ್ಣನ್ನೂ ಮೂಸಿ ಕೊಟ್ಟಿದ್ದಳು. ಬೀಗರ ಕೈಗೆ ಕೊಡದೆ ಪಾನಕವನ್ನು ಯಾರೂ ಮುಟ್ಟುವ ಹಾಗಿಲ್ಲ, ನಮ್ಮ ಮನೆಯ ಪದ್ಧತಿ ಅದು. ಬೀಗರು ಬರುವುದು ತಡವಾಯಿತು. ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಬಿಸಿಲು ಏರಿತು, ಜನ ಬೀಸಣಿಗೆ ಹುಡುಕಿದರು, ಕೊಳಗದ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ಪಾನಕ ಸುಮ್ಮನೆ ಕೂತಿತ್ತು. ಅಂತೂ ಬೀಗರು ಬಂದರು. ಬಾಯಾರಿದ ಜನ ಸ್ಟೀಲ್ ಲೋಟ ಹಿಡಿದು ಒಂದಕ್ಕೆ ಎರಡು ಕುಡಿದರು. ನನಗೆ ಸಕ್ಕರೆ ಕಾಯಿಲೆ, ಆಸೆಯಾದರೂ ಮುಟ್ಟಲಿಲ್ಲ. ಪ್ರೇಮಕ್ಕ ಹಂಚುವ ಗಡಿಬಿಡಿಯಲ್ಲಿ ಒಂದು ಗುಟುಕೂ ಕುಡಿಯಲಿಲ್ಲ.

ಉಂಗುರ ಬದಲಾಯಿಸಿದರು, ಪಂಕ್ತಿ ಕೂತಿತು. ಹೋಳಿಗೆ ಬರುವ ಹೊತ್ತಿಗೆ ವೀರೇಶನ ಚಿಕ್ಕಪ್ಪ ಎದ್ದು ಬಾಗಿಲ ಕಡೆ ಓಡಿದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಬಾವ. ಆಮೇಲೆ ಯಾರು ಯಾರನ್ನು ಹಿಡಿದುಕೊಳ್ಳಬೇಕೋ ತಿಳಿಯದ ಹಾಗಾಯಿತು. ಭವನದ ಸುತ್ತ ಎಲ್ಲೆಲ್ಲೂ ಜನ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ಗಾನವಿ ರೇಷ್ಮೆ ಸೀರೆಯಲ್ಲೇ ನೀರು ಹೊತ್ತು ಓಡಾಡಿದಳು, ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು.

ಪ್ರೇಮಕ್ಕ ಪಂಕ್ತಿಯ ಮಧ್ಯೆ ನಿಂತು ನೋಡಿದಳು. ಬಗ್ಗಿ ಒಂದು ತಟ್ಟೆ ಎತ್ತಿ, ಅನ್ನ ಸಾರು ಚೆಲ್ಲಿ, ಮಗುಚಿದಳು. ಬೆನ್ನಿನ ಮೇಲೆ ಬೂದಿ ಕಲೆ ಇತ್ತು.

"ನೋಡಿ!" ಎಂದು ಕೂಗಿದಳು. "ನಾನು ಅವತ್ತೇ ಅಂದಿದ್ದೆ. ಮೈಲುತುತ್ತ! ಮೈಲುತುತ್ತದ ಹಾಳೇಲಿ ನಮಗೆ ಊಟ ಹಾಕಿದಾಳೆ ಜಲಜಮ್ಮ!"

ಪ್ರೇಮಕ್ಕನೇ ಹೇಳಿದ ಮೇಲೆ ಮುಗಿಯಿತು. ಅಲ್ಲಿದ್ದ ಅಷ್ಟೂ ಫೋನುಗಳು ಮೇಲೆದ್ದವು, ಆ ತಟ್ಟೆಯ ಫೋಟೋ ಹಿಡಿದವು. ನಾನು, "ಅಕ್ಕ, ನಾನೂ ಅದೇ ತಟ್ಟೇಲಿ ಉಂಡೆ, ನಂಗೆ ಎಂತದೂ ಆಗ್ಲಿಲ್ಲ," ಎಂದರೆ, "ನಿನ್ನದು ಕಲ್ಲು ಹೊಟ್ಟೆ," ಎಂದಳು. ಎನ್.ಆರ್. ಪುರದ ಡಾಕ್ಟರು ಎಂತ ತಿಂದಿರಿ ಎಂದು ಕೇಳಿದರೆ ಒಬ್ಬೊಬ್ಬರೂ ಹಾಳೆ ತಟ್ಟೆ, ಹಾಳೆ ತಟ್ಟೆ ಎಂದರು, ತಟ್ಟೆಯನ್ನೇ ಜಗಿದು ನುಂಗಿದವರ ಹಾಗೆ. ಸಂಜೆ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ಬೀಗರು ಒಳ್ಳೆಯವರು, ನಿಮ್ಮ ತಪ್ಪೇನಿದೆ ಎಂದು ಸಮಾಧಾನ ಮಾಡಿ ಹೋದರು. ನಮ್ಮ ಮನೆಗೆ ಬಂದ ಕೆಡುಕು ಅವತ್ತೇ ಮುಗಿಯಿತು.

ಜಲಜಮ್ಮನದು ಅವತ್ತು ಶುರುವಾಯಿತು. ಆ ಫೋಟೋ ಕೊಪ್ಪಕ್ಕೆ ಹೋಯಿತು, ಶೃಂಗೇರಿಗೆ ಹೋಯಿತು. ಅಡ್ಡಗದ್ದೆಯ ಒಂದು ಉಪನಯನಕ್ಕೆ ಕಟ್ಟಿಟ್ಟಿದ್ದ ತಟ್ಟೆಗಳು ಬೇಡವೆಂದು ಫೋನು ಬಂತು. ಅದರ ಹಿಂದೆ ಉಳಿದವರೂ ಬೇಡವೆಂದರು. ನಮ್ಮ ಭವನದ ಅಧ್ಯಕ್ಷ ರಾಜಶೇಖರ್, ಇನ್ನು ಮುಂದೆ ಹಾಳೆ ತಟ್ಟೆ ಒಳಗೆ ತರುವಂತಿಲ್ಲ ಎಂದು ಬೋರ್ಡು ಬರೆಸಿದ. ಭವನದ ಹಿಂದಿನ ಪ್ಲಾಸ್ಟಿಕ್ ಗುಡ್ಡ ಮತ್ತೆ ಬೆಳೆಯತೊಡಗಿತು, ಅದಕ್ಕೆ ಯಾರೂ ಬೋರ್ಡು ಹಾಕಲಿಲ್ಲ.

ಒಂದು ದಿನ ವಾಸಪ್ಪ ನಮ್ಮ ಅಂಗಳಕ್ಕೆ ಬಂದ. ಜಗಲಿ ಹತ್ತದೆ ಕೆಳಗೇ ನಿಂತು, "ಪ್ರೇಮಕ್ಕ, ನೀವು ಒಂದು ಮಾತು ಹೇಳಿದ್ರೆ ಜನ ಕೇಳ್ತಾರೆ. ನಮ್ಮದು ಬೇಸಿಗೆ ಹಾಳೆ. ಬೇಕಾದ್ರೆ ಎಲ್ಲಾದ್ರೂ ಪರೀಕ್ಷೆಗೆ ಕಳ್ಸಿ. ಶೆಡ್ಡು ತುಂಬ ತಟ್ಟೆ ಕೂತಿದೆ," ಎಂದ.

"ನಾನು ಕಂಡದ್ದನ್ನ ಹೇಳ್ದೆ ವಾಸಪ್ಪ. ಕಾಣದ್ದು ಹೇಳ್ಲಿಲ್ಲ," ಎಂದಳು ಅಕ್ಕ.

ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಬಡವರ ಹೊಟ್ಟೆ ಮೇಲೆ ಹೊಡೆದ್ಯಲ್ಲ ಅಕ್ಕ, ನಿಂಗೆ ನಿದ್ದೆ ಹೆಂಗೆ ಬರ್ತದೆ?" ಎಂದುಬಿಟ್ಟೆ.

ಅವಳು ನನ್ನನ್ನೇ ನೋಡಿದಳು. ಹಾಲಿನ ತೊಟ್ಟು ನೋಡುವ ನೋಟ ಅದು. "ಅವಳು ನಿನ್ನ ಬಸ್ಸಿನ ಗೆಳತಿ ಅಲ್ದಾ? ಉಂಡೋರಿಗೆಲ್ಲ ವಾಂತಿ ಆತು, ನಿಂಗೆ ಯಾಕೆ ಆಗ್ಲಿಲ್ಲ? ನಿಂಗೆ ಬೇರೆ ತಟ್ಟೆ ಇಟ್ಟಿದ್ಲಾ?"

ನನಗೆ ಸಿಟ್ಟು ನೆತ್ತಿಗೇರಿತು. ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಆದರೆ ಆ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ನನ್ನ ಅಡಿಗೆಮನೆಗೆ ಬಂದಳು, ಕೈಯಲ್ಲಿ ನಿಶ್ಚಿತಾರ್ಥದಲ್ಲಿ ಮಿಕ್ಕ ತಟ್ಟೆಗಳು. ಕಲೆ ಇದ್ದವನ್ನೇ ಆರಿಸಿ ತಂದಿದ್ದಳು. "ಬಾ, ನನ್ನ ಕಣ್ಣೆದುರು ಉಣ್ಣು. ನಾನೂ ಉಣ್ತೀನಿ," ಎಂದಳು. ಬಿಸಿ ಅನ್ನಕ್ಕೆ ಹುಳಿ ಸಾರು ಸುರಿದುಕೊಂಡು, ಕಲೆಯ ಮೇಲೆಯೇ ಕಲೆಸಿಕೊಂಡು ಉಂಡೆವು. ಆಮೇಲೆ ಅವಳು ನನ್ನ ಮುಖ, ನಾನು ಅವಳ ಮುಖ ನೋಡುತ್ತಾ ಕೂತೆವು. ಸಂಜೆಯಾದರೂ ಒಂದು ತೇಗು ಬಿಟ್ಟು ಬೇರೇನೂ ಬರಲಿಲ್ಲ. ಅಕ್ಕನಿಗೆ ಸಂತೋಷವಾಗಬೇಕಿತ್ತು, ಅವಳ ಮುಖ ಬಿಳಿಚಿಕೊಂಡಿತು.

ತಟ್ಟೆ ಅಲ್ಲವಾದರೆ ಮತ್ತೇನು? ಅವಳ ಅನುಮಾನಕ್ಕೆ ಈಗ ಕೂರಲು ಜಾಗ ಇರಲಿಲ್ಲ. ಗಣಪಯ್ಯನನ್ನು ಕರೆಸಿ ಕೂರಿಸಿ ಪ್ರಶ್ನೆ ಕೇಳಿದಳು. ಅವನು, "ನಿಂಬೆಹಣ್ಣು ನೀವೇ ಮೂಸಿ ಕೊಟ್ಟಿದ್ದು, ಸಕ್ಕರೆ ನಿಮ್ಮ ಮನೇದು, ನೀರು ನಿಮ್ಮ ಬಾವಿದು. ಕೊಳಗಾನೂ ನಿಮ್ಮದೇ. ನನ್ನ ಡ್ರಮ್ಮು ಮಾತ್ರ ನಿಮಗೆ ಬೇಡ ಆಗಿತ್ತು," ಎಂದು ಮುಖ ಊದಿಸಿಕೊಂಡು ಎದ್ದುಹೋದ.

ಅವನ ಮಾತಿನಲ್ಲಿ ಯಾವುದು ಅವಳಿಗೆ ಚುಚ್ಚಿತೋ, ಹಿತ್ತಲ ಜಗಲಿಯಲ್ಲಿ ಮಗುಚಿಟ್ಟಿದ್ದ ಕೊಳಗದ ಹತ್ತಿರ ಹೋದಳು. ಸ್ವಲ್ಪ ಹೊತ್ತಿಗೆ "ಮಂಗಳಾ" ಎಂದು ನನ್ನನ್ನು ಕರೆದಳು. ಅವಳು ಹಾಗೆ ಮೆತ್ತಗೆ ಕರೆದದ್ದನ್ನು ನಾನು ಕೇಳಿರಲಿಲ್ಲ.

ಕೊಳಗವನ್ನು ಬಿಸಿಲಿಗೆ ವಾಲಿಸಿ ಹಿಡಿದಿದ್ದಳು. ಒಳಗೆಲ್ಲ ಕೆಂಪು ತಾಮ್ರ. ಬುಡದಲ್ಲಿ ಪಾನಕದ ತಳ ನಿಂತು ಒಣಗಿದ ಕಡೆ ಹಸಿರು ಕಿಲುಬು. ಬಾಯಿಯ ಕಂಠದ ಕೆಳಗೆ, ಸ್ಟೀಲಿನ ನಾರು ತಲುಪದ ಸಂದಿಯಲ್ಲಿ ಮಾತ್ರ, ಒಂದು ಬೆರಳಿನಷ್ಟು ಅಗಲದ ಮಂಕು ಬೂದಿ ಬಣ್ಣ ಸುತ್ತ ಉಳಿದಿತ್ತು.

"ಇದು ಕೊಳೆ ಅಲ್ಲ," ಎಂದಳು ಅಕ್ಕ. "ಇದು ಕಲಾಯಿ."

ತಾಮ್ರದ ಪಾತ್ರೆಯ ಒಳಗೆ ಬಳಿಯುವ ತವರದ ಲೇಪ. ಅದಿದ್ದರಷ್ಟೇ ತಾಮ್ರದಲ್ಲಿ ಹುಳಿ ಹಾಕಬಹುದು. ನಾವಿಬ್ಬರೂ ಚಿಕ್ಕವರಿದ್ದಾಗ ಕಲಾಯಿಯವನು ಊರಿಗೆ ಬಂದು, ತಿದಿ ಒತ್ತಿ ಬೆಂಕಿ ಮಾಡಿ, ಪಾತ್ರೆಗಳ ಒಳಗೆ ಬೆಳ್ಳಿ ಬಣ್ಣ ಹರಿಸುವುದನ್ನು ಬಾಯಿ ಬಿಟ್ಟು ನೋಡಿದವರೇ. ಸ್ಟೀಲ್ ಬಂತು, ಕಲಾಯಿಯವನು ಬರುವುದು ನಿಂತಿತು, ನಮಗೂ ಮರೆತಿತ್ತು. ಅತ್ತೆಯ ಕಾಲದ ಕಲಾಯಿ ಹಳತಾಗಿ ಮಂಕಾಗಿತ್ತು. ಅಕ್ಕ ಅದನ್ನು ಕೊಳೆ ಎಂದು ಅನುಮಾನಪಟ್ಟು ಸಂಜೆವರೆಗೂ ಕೂತು ಉಜ್ಜಿ ಉಜ್ಜಿ ತೆಗೆದುಹಾಕಿದ್ದಳು. ಆಮೇಲೆ ಬರೀ ತಾಮ್ರದಲ್ಲಿ ನಿಂಬೆ ರಸ ಅಷ್ಟು ಹೊತ್ತು ಕೂತಿತ್ತು. ಸಂಜೆ ಫೋನಿನಲ್ಲಿ ಗಾನವಿ ಇನ್ನೊಂದು ಮಾತು ಹೇಳಿದಳು. ಮೈಲುತುತ್ತ ಆಗುವುದೂ ತಾಮ್ರದಿಂದಲೇ ಅಂತೆ. ತಟ್ಟೆಯ ಬೆನ್ನಲ್ಲಿ ಅಕ್ಕ ಹುಡುಕಿದ್ದು ಅವಳ ಕೊಳಗದಲ್ಲೇ ಇತ್ತು.

ಅಷ್ಟಾದರೂ ಅವಳು ನಂಬಲಿಲ್ಲ ನೋಡಿ, ಸ್ವಂತ ಕಣ್ಣನ್ನೂ ನಂಬದ ಹೆಂಗಸು. ಮರುದಿನ ಬೆಳಿಗ್ಗೆ ಕೊಳಗ ತೊಳೆದು, ನಿಂಬೆಹಣ್ಣು ಹಿಂಡಿ, ನೀರು ಸಕ್ಕರೆ ಹಾಕಿ, ಮಧ್ಯಾಹ್ನದವರೆಗೆ ಬಟ್ಟೆ ಮುಚ್ಚಿಟ್ಟಳು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಒಂದು ಲೋಟ ಕುಡಿದಳು. ಜಗಲಿಯ ಕಂಬಕ್ಕೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ ಎದ್ದು ಹಿತ್ತಲಿಗೆ ಓಡಿದಳು. ನಾನು ಬೆನ್ನು ನೀವುತ್ತಾ ನಿಂತೆ. ವಾಂತಿಯ ನಡುವೆ ಅವಳು ಅಳುತ್ತಿದ್ದಳು. ನನಗೆ ಅವಳ ಮೇಲೆ ಅಷ್ಟು ದಿನ ಇದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಒಂದು ವಿಷಯದಲ್ಲಿ ಅಕ್ಕನನ್ನು ಮೆಚ್ಚಬೇಕು, ಸಂಕಟಪಟ್ಟುಕೊಂಡು ಮನೆಯೊಳಗೆ ಕೂರಲಿಲ್ಲ. ಬಾಯಿ ತೊಳೆದುಕೊಂಡು ಸೀದಾ ರಾಜಶೇಖರನ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ನಡೆದದ್ದನ್ನೆಲ್ಲ ಹೇಳಿದಳು. ಅವನು ಕೈಮುಗಿದು ನಕ್ಕ.

"ಪ್ರೇಮಕ್ಕ, ನಿಮ್ಮದು ದೊಡ್ಡ ಮನಸ್ಸು. ಜಲಜಮ್ಮನ ಹೊಟ್ಟೆಪಾಡು ನೋಡಿ ತಪ್ಪು ನಿಮ್ಮ ಮೇಲೆ ಎಳ್ಕೊಳ್ತಾ ಇದೀರಿ. ನಂಗೆ ಗೊತ್ತಾಗಲ್ವಾ?"

"ಅಲ್ಲ ಮಾರಾಯ, ಇದ್ದದ್ದನ್ನೇ ಹೇಳ್ತಾ ಇದೀನಿ. ಕೊಳಗದ್ದೇ ತಪ್ಪು."

"ತಾಮ್ರದ ನೀರು ಕುಡಿದ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ಟಿವಿಲಿ ದಿನಾ ಹೇಳ್ತಾರೆ ಅಕ್ಕ. ನಮ್ಮನೇಲಿ ನಾವೂ ಕುಡೀತೀವಿ. ತಾಮ್ರದಿಂದ ಯಾರಿಗಾದ್ರೂ ವಾಂತಿ ಆಗ್ತದಾ?"

"ನೀರು ಬೇರೆ, ಹುಳಿ ಬೇರೆ!" ಎಂದು ಅಕ್ಕ ಎಷ್ಟು ಹೇಳಿದರೂ ಅವನ ತ‌ಲೆಗೆ ಹೋಗಲಿಲ್ಲ. ಬೇರೆ ಮನೆಗಳಿಗೆ ಹೋದಳು. ಕೆಲವರು ಅವಳ ದೊಡ್ಡ ಮನಸ್ಸನ್ನು ಹೊಗಳಿದರು. ಇನ್ನು ಕೆಲವರು ಅವಳು ಹೊರಟ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಎಂತ ಮಂಗಳಮ್ಮ, ವಾಸಪ್ಪ ಏನಾದ್ರೂ ಹೆದರಿಸಿದ್ನಾ?" ಎಂದು ಕೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗಾಯಿತು. ಅವಳು ಸುಳ್ಳನ್ನು ಒಂದೇ ಸಲ ಕೂಗಿದ್ದಳು, ಊರೇ ನಂಬಿತ್ತು. ನಿಜವನ್ನು ಮನೆ ಮನೆಗೆ ಹೊತ್ತರೂ ಕೊಳ್ಳುವವರಿಲ್ಲ. ಅನುಮಾನ ಮಾಡುವುದನ್ನು ಈ ಊರಿಗೆ ಕಲಿಸಿದವಳೇ ಅವಳು, ಶಿಷ್ಯರು ಗುರುವಿಗೇ ಪಾಠ ಒಪ್ಪಿಸುತ್ತಿದ್ದರು.

ಅಕ್ಕ ಕೊಳಗವನ್ನು ಶಿವಮೊಗ್ಗದ ಬಸ್ಸಿಗೆ ಹಾಕಿದಳು. ಕಂಡಕ್ಟರ್ ಇದಕ್ಕೂ ಟಿಕೆಟ್ ಬೇಕು ಎಂದರೆ ತೆಗೆದುಕೊಂಡಳು. ಕಲಾಯಿ ಹಾಕುವವರನ್ನು ಹುಡುಕಿ, ಅವರ ಎದುರು ಸ್ಟೂಲು ಹಾಕಿಕೊಂಡು ಕೂತು, ಹಾಕಿಸಿಕೊಂಡು ಬಂದಳು. ಶ್ರಾವಣದ ಒಂದು ಸೋಮವಾರ ಮನೆಯಲ್ಲಿ ಪೂಜೆ ಇಟ್ಟುಕೊಂಡು ಊರಿಗೆಲ್ಲ ಪ್ರಸಾದಕ್ಕೆ ಹೇಳಿದಳು. ಅದೇ ಕೊಳಗದಲ್ಲಿ ಪಾನಕ, ಅದೇ ಜಲಜಮ್ಮನ ತಟ್ಟೆಯಲ್ಲಿ ಊಟ ಎಂದೂ ಹೇಳಿದಳು.

ಜಲಜಮ್ಮನನ್ನು ಕರೆಯಲು ಹೋದಾಗ ಅವಳು ಮನೆಯಲ್ಲಿರಲಿಲ್ಲ. ಮಷೀನಿನ ಮೇಲೆ ಗೋಣಿ ಹೊದಿಸಿತ್ತು. ಯಾರದೋ ಗದ್ದೆಯಲ್ಲಿ ಸಾಲಿನ ಮಧ್ಯೆ ಬಗ್ಗಿ ನಾಟಿ ಮಾಡುತ್ತಿದ್ದಳು. ಅಕ್ಕ ಅಂಚಿನ ಮೇಲೆ ನಿಂತು, ಉಳಿದ ಹೆಂಗಸರಿಗೂ ಕೇಳುವ ಹಾಗೆ, ಕೊಳಗದ ಕತೆ ಪೂರ್ತಿ ಹೇಳಿದಳು. ಜಲಜಮ್ಮ ಬೆನ್ನು ಎತ್ತಲಿಲ್ಲ. ಕೈಯಲ್ಲಿದ್ದ ಸಸಿ ಮುಗಿಯುವವರೆಗೂ ನೆಟ್ಟಳು.

"ನನ್ನ ಮಕ್ಕಳ ಆಣೆ ಹಾಕಿದ್ದೆ ಪ್ರೇಮಕ್ಕ," ಎಂದಳು ಆಮೇಲೆ.

"ಹೌದು," ಎಂದಳು ಅಕ್ಕ.

"ತಟ್ಟೆ ಬೇಕಾದ್ರೆ ನಮ್ಮನೆಯವರ ಹತ್ರ ಇಸ್ಕೊಂಡು ಹೋಗಿ. ನಾನು ಬರೋದು ನೋಡ್ತೀನಿ."

ಸೋಮವಾರ ಜನ ಬಂದರು. ಪ್ರೇಮಕ್ಕನ ಮನೆಯ ಪ್ರಸಾದ ಬಿಡುವ ಧೈರ್ಯ ಯಾರಿಗಿದೆ? ಆದರೆ ಕೈಯಲ್ಲಿ ಒಂದೊಂದು ಬಟ್ಟೆ ಚೀಲ. ಒಳಗೆ ಅವರವರ ಮನೆಯ ಸ್ಟೀಲ್ ತಟ್ಟೆ. ರಾಜಶೇಖರನ ಚೀಲದಿಂದ ತಟ್ಟೆಯ ಜೊತೆ ನೀರಿನ ಬಾಟಲಿಯೂ ಇಣುಕುತ್ತಿತ್ತು. ನಡುಮನೆಯಲ್ಲಿ ಸಾಲಾಗಿ ಹಾಳೆ ತಟ್ಟೆ ಹಾಕಿತ್ತು. ಯಾರೂ ಕೂರಲಿಲ್ಲ. ಜಗಲಿಯಲ್ಲಿ ನಿಂತು ಅಡಿಕೆ ಧಾರಣೆ ಮಾತಾಡಿದರು. ಬಾವ ಒಬ್ಬರೇ ಹೋಗಿ ಸಾಲಿನ ತುದಿಯಲ್ಲಿ ಕೂತು ಬಾಗಿಲ ಕಡೆ ನೋಡುತ್ತಿದ್ದರು. ಅಕ್ಕ ಸೌಟು ಹಿಡಿದು ಕೊಳಗದ ಪಕ್ಕ ನಿಂತಿದ್ದಳು. ನನಗೆ ಆ ಜನರ ಮೇಲೆ ಉರಿಯಿತು, ಅವಳ ಮೇಲೆ ಮರುಕ ಬಂತು.

ಆಗ ಜಲಜಮ್ಮ ಬಂದಳು, ಹಿಂದೆ ವಾಸಪ್ಪ. ಯಾರ ಜೊತೆಯೂ ಮಾತಾಡದೆ ಸೀದಾ ಕೊಳಗದ ಹತ್ತಿರ ಹೋದಳು. ಬಟ್ಟೆ ಸರಿಸಿದಳು. ಪಾನಕಕ್ಕೆ ಮುಖ ಒಡ್ಡಿ ಮೂಸಿದಳು. ಕಂಠದ ಒಳಗೆ ಬೆರಳು ಹಾಕಿ ಉಗುರಿನಿಂದ ಕೆರೆದು, ಆ ಉಗುರನ್ನು ನೋಡಿದಳು. ಪ್ರೇಮಕ್ಕನ ಮನೆಯ ಪಾತ್ರೆಗೆ ಹೀಗೆ ಬೆರಳು ಹಾಕಿ ಪರೀಕ್ಷೆ ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ.

"ಒಳಗೆ ಕಾಣಲ್ಲ. ಬೆಳಕು ಹಿಡೀರಿ," ಎಂದಳು ಜಲಜಮ್ಮ.

ಅಕ್ಕ ಸೊಂಟದಿಂದ ಫೋನು ತೆಗೆದು ಟಾರ್ಚು ಹಾಕಿ ಹಿಡಿದಳು.

"ಬುಡಕ್ಕೂ ಹಾಕಿಸಿದೀರಾ?"

"ಹಾಕ್ಸಿದೀನಿ. ಎದುರಿಗೇ ಕೂತು ಹಾಕ್ಸಿದೀನಿ."

"ಸರಿ. ಹಾಕಿ ಒಂದು ಲೋಟ."

ಕುಡಿದಳು. ಲೋಟ ಕೆಳಗಿಟ್ಟು ಬಾವನ ಪಕ್ಕದ ಒಂದು ತಟ್ಟೆ ಬಿಟ್ಟು ಆಚೆ ಕೂತಳು. ವಾಸಪ್ಪನೂ ಕೂತ. ನಾನೂ ಹೋಗಿ ಕೂತೆ. ಜಗಲಿಯಿಂದ ಒಬ್ಬಿಬ್ಬರು ಹೆಂಗಸರು ಚೀಲವನ್ನು ಕಂಬಕ್ಕೆ ಒರಗಿಸಿಟ್ಟು ಒಳಗೆ ಬಂದರು. ಉಳಿದವರು ಬರಲಿಲ್ಲ. ಅಕ್ಕ ನಮಗೆಲ್ಲ ಬಡಿಸಿ, ಜಲಜಮ್ಮ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೂತು, ಎದುರಿಗಿದ್ದ ತಟ್ಟೆಗೆ ಹಾಗೇ ಅನ್ನ ಬಡಿಸಿಕೊಳ್ಳಲು ಹೊರಟಳು.

"ಮಗುಚಿ ನೋಡಿ ಪ್ರೇಮಕ್ಕ," ಎಂದಳು ಜಲಜಮ್ಮ.

"ಬೇಡ."

"ನೋಡಿ. ನಾನೂ ನೋಡೇ ಕುಡಿದೆ. ನೋಡೋದು ತಪ್ಪಲ್ಲ, ಎಷ್ಟು ಕಂಡಿತೋ ಅಷ್ಟೇ ಹೇಳಿ."

ಅಕ್ಕ ತಟ್ಟೆ ಮಗುಚಿದಳು. ಬೆನ್ನಿನ ಮೇಲೆ ಅಂಗೈಯಗಲ ಬೂದಿ ಕಲೆ ಇತ್ತು. ಜಗಲಿಯಲ್ಲಿದ್ದವರೂ ಕತ್ತು ಚಾಚಿ ನೋಡಿದರು. ಅಕ್ಕ ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು.

"ಕಲೆ ಇದೆ," ಎಂದಳು. "ಕಲೆ ಅಷ್ಟೇ."

ಅದೇ ತಟ್ಟೆಗೆ ಅನ್ನ ಹಾಕಿಕೊಂಡು ಉಂಡಳು. ಅವಳ ಕಣ್ಣೀರು ಸಾರಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಊಟ ಮುಗಿದು ಕೈ ತೊಳೆಯಲು ಎದ್ದಾಗ ಜಲಜಮ್ಮ ಬಾಗಿಲ ಆಚೆ ಚೀಲ ಹಿಡಿದು ನಿಂತವರ ಕಡೆ ನೋಡಿದಳು.

"ಇವರಿಗೆಲ್ಲ ಯಾರು ಹೇಳ್ತಾರೆ?" ಎಂದು ಕೇಳಿದಳು.

"ನಾನೇ ಹೇಳ್ತೀನಿ," ಎಂದಳು ಪ್ರೇಮಕ್ಕ. "ನಂಬೋ ತನಕ ಹೇಳ್ತೀನಿ."

ಈಗ ಆರು ತಿಂಗಳಾಯಿತು. ಬಸ್ಸಿನಲ್ಲಿ ಯಾರೇ ಪಕ್ಕದಲ್ಲಿ ಕೂತರೂ ಅಕ್ಕ ಕೊಳಗದ ಕತೆ ಶುರು ಮಾಡುತ್ತಾಳೆ, ಇನ್ನೂ ಹೇಳುತ್ತಲೇ ಇದ್ದಾಳೆ.